ಹಳೆಯ ನಕ್ಷೆಯಲ್ಲಿ ಚಿತ್ರದುರ್ಗ ಪೂರ್ವಕ್ಕೆ ಸರಿದು ಕೂರುತ್ತಿದೆ: ಪರಿಹಾರವೇನು?

ಪ್ರಶ್ನೆ (ದಾವಣಗೆರೆ):
ನಮ್ಮ ಸೀಮೆಯ ಕೆರೆಗಳನ್ನು ಗುರುತಿಸುವ ಸಲುವಾಗಿ ಹತ್ತೊಂಬತ್ತನೇ ಶತಮಾನದ ಸರ್ವೆ ಆಫ್ ಇಂಡಿಯಾ ನಕ್ಷೆಯೊಂದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಜಿಯೋರೆಫರೆನ್ಸ್ ಮಾಡುತ್ತಿದ್ದೇನೆ, ಅಂದರೆ ಅಕ್ಷಾಂಶ-ರೇಖಾಂಶ ಕೊಟ್ಟು ಇಂದಿನ ನಕ್ಷೆಯ ಮೇಲೆ ಕೂರಿಸುತ್ತಿದ್ದೇನೆ. ನಾಲ್ಕು ಮೂಲೆಗಳಿಗೂ ಅಂಚಿನಲ್ಲಿ ಮುದ್ರಿಸಿರುವ ಅಂಕಿಗಳನ್ನೇ ಕೊಟ್ಟಿದ್ದರೂ ಚಂದ್ರವಳ್ಳಿ ಕೆರೆ ಚಿತ್ರದುರ್ಗದ ಪೂರ್ವಕ್ಕೆ ಹೋಗಿ ಕೂರುತ್ತದೆ. ಉತ್ತರ-ದಕ್ಷಿಣವಾಗಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಕ್ಷೆಯನ್ನು ಕೈಯಿಂದ ಎಳೆದು ಕೂರಿಸಬಹುದೇ?

ಉತ್ತರ (ಚಿತ್ರದುರ್ಗ):
ದಯವಿಟ್ಟು ಎಳೆಯಬೇಡಿ. ನಕ್ಷೆಯ ಅಂಚಿನಲ್ಲಿರುವ ಸಣ್ಣ ಅಕ್ಷರದ ಟಿಪ್ಪಣಿಯನ್ನು ಮೊದಲು ಓದಿ. ಆ ಕಾಲದ ಅನೇಕ ನಕ್ಷೆಗಳಲ್ಲಿ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು 80° 17′ 21″ ಎಂದು ಹಿಡಿದಿರುವುದಾಗಿಯೂ, ಅದರಿಂದ 2′ 30″ ಕಳೆದರೆ ಪರಿಷ್ಕೃತ ಬೆಲೆಯಾದ 80° 14′ 51″ ಬರುವುದಾಗಿಯೂ ನಮೂದಿಸಿರುತ್ತಾರೆ. ದೇಶದ ರೇಖಾಂಶಗಳೆಲ್ಲ ತ್ರಿಕೋನ ಸರಣಿಯ (ಒಂದಕ್ಕೊಂದು ಹೊಂದಿಸಿ ಅಳೆದ ತ್ರಿಕೋನಗಳ ಸಾಲಿನ) ಮೂಲಕ ಮದ್ರಾಸಿಗೇ ಜೋಡಣೆಯಾಗಿದ್ದುದರಿಂದ, ಅಲ್ಲಿನ ದೋಷ ನಮ್ಮ ಕೋಟೆಯವರೆಗೂ ಹರಿದುಬಂದಿದೆ.

ಅಕ್ಷಾಂಶ ಏಕೆ ಸರಿಯಾಗಿದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅದನ್ನು ನಕ್ಷತ್ರದ ಎತ್ತರ ಅಳೆದು ನೇರವಾಗಿ ಪಡೆಯಬಹುದು. ರೇಖಾಂಶಕ್ಕಾದರೆ ಗ್ರೀನಿಚ್‌ನ ಸಮಯಕ್ಕೂ ಸ್ಥಳೀಯ ಸಮಯಕ್ಕೂ ಇರುವ ಅಂತರ ಗೊತ್ತಿರಬೇಕು. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ 2′ 30″ ಕೋನ ಎಂದರೆ ಕೇವಲ 10 ಸೆಕೆಂಡು ಸಮಯ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ಆದ್ದರಿಂದ ಆ 10 ಸೆಕೆಂಡು ನೆಲದ ಮೇಲೆ ಸುಮಾರು 4.5 ಕಿ.ಮೀ. ಆಗುತ್ತದೆ. ಸಮಯವನ್ನು ತಕ್ಷಣ ತಿಳಿಸಬಲ್ಲ ಟೆಲಿಗ್ರಾಫ್ ತಂತಿಯ ಸೌಕರ್ಯವಿಲ್ಲದ ಕಾಲದಲ್ಲಿ ಚಂದ್ರನ ಚಲನೆಯನ್ನೂ ಗುರುವಿನ ಉಪಗ್ರಹಗಳ ಗ್ರಹಣಗಳನ್ನೂ ನೋಡಿ ಇಷ್ಟು ಹತ್ತಿರ ಬಂದವರ ಶ್ರಮವನ್ನು ನಾನು ಬಹಳ ಗೌರವಿಸುತ್ತೇನೆ.

ಖಚಿತಪಡಿಸಿಕೊಳ್ಳಲು ನಿಮ್ಮ ಊರನ್ನೇ ನೋಡಿ. ಇಂದಿನ ನಕ್ಷೆಯಲ್ಲಿ 76° ರೇಖೆ ದಾವಣಗೆರೆ ನಗರದಿಂದ ಎಂಟೊಂಬತ್ತು ಕಿ.ಮೀ. ಪೂರ್ವಕ್ಕಿದೆ, ಹಳೆಯದರಲ್ಲಿ ಹೆಚ್ಚುಕಡಿಮೆ ಅದರ ಅರ್ಧ ದೂರದಲ್ಲೇ ಸಿಕ್ಕರೆ ದೋಷ ಇದೇ. ಆಗ ನಾಲ್ಕೂ ಮೂಲೆಗಳ ರೇಖಾಂಶದಿಂದ 2′ 30″ ಕಳೆಯಿರಿ, ಅಕ್ಷಾಂಶವನ್ನು ಮುಟ್ಟಬೇಡಿ.

ಪ್ರಶ್ನೆ (ದಾವಣಗೆರೆ):
ಟಿಪ್ಪಣಿ ಸಿಕ್ಕಿತು, ಕಳೆದ ಮೇಲೆ ಚಂದ್ರವಳ್ಳಿ ತನ್ನ ಜಾಗಕ್ಕೆ ಬಂದಿದೆ. ಆದರೂ ಕೆರೆಯ ಏರಿ ನೂರು ಮೀಟರಿಗಿಂತ ತುಸು ಹೆಚ್ಚು ಆಚೀಚೆ ಉಳಿದಿದೆಯಲ್ಲ?

ಉತ್ತರ (ಚಿತ್ರದುರ್ಗ):
ಅದು ಡೇಟಮ್‌ನ, ಅಂದರೆ ಅಕ್ಷಾಂಶ-ರೇಖಾಂಶಗಳಿಗೆ ಆಧಾರವಾಗಿ ಹಿಡಿದ ಭೂಮಿಯ ಮಾದರಿಯ, ವ್ಯತ್ಯಾಸ. ಹಳೆಯ ನಕ್ಷೆಗಳು ಎವರೆಸ್ಟ್ ದೀರ್ಘವೃತ್ತಾಭ ಎಂಬ ಮಾದರಿಯನ್ನು ಆಧರಿಸಿವೆ, ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಮತ್ತೊಂದನ್ನು ಬಳಸುತ್ತದೆ. ಮೂಲೆಗಳಿಗೆ ಎವರೆಸ್ಟ್ ಮಾದರಿಯನ್ನೇ ಆಧರಿಸಿದ ಕಲ್ಯಾಣಪುರ 1975 (Kalianpur 1975) ಡೇಟಮ್ ಆರಿಸಿ, ಅಲ್ಲಿಂದ ಡಬ್ಲ್ಯುಜಿಎಸ್ 84ಕ್ಕೆ ಪರಿವರ್ತಿಸಿ. ಆ ಬಳಿಕವೂ ಉಳಿಯುವ ಅಲ್ಪ ಅಂತರಕ್ಕೆ ಕಾಗದದ ಹಿಗ್ಗು-ಕುಗ್ಗು ಕಾರಣವಿರಬಹುದು. ಅದಕ್ಕೆ ಕೋಟೆಯ ಬುರುಜು, ಹಳೆಯ ದೇವಾಲಯಗಳಂಥ ಕದಲದ ಗುರುತುಗಳನ್ನು ಹೆಚ್ಚುವರಿ ಬಿಂದುಗಳಾಗಿ ಕೊಡಿ.