ಸ್ಟ್ರೋಕ್ ಆದ ಮೇಲೆ ಕಾಲು ಬಂತು, ಕೈ ಬರ್ತಿಲ್ಲ. ಅನುಭವ ಇದ್ದವರು ಹೇಳಿ

ಶಿಡ್ಲಘಟ್ಟದಿಂದ ಪ್ರಶ್ನೆ:
ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಈಗ ಗೋಡೆ ಹಿಡ್ಕೊಂಡು ಓಡಾಡ್ತಾರೆ, ಮೊಣಕೈ ಮಡಚ್ತಾರೆ. ಬೆರಳು ಮಾತ್ರ ಐದೂ ಒಟ್ಟಿಗೇ ಮುದುಡ್ಕೊಳ್ಳುತ್ತೆ. ರೇಷ್ಮೆ ಗೂಡಿಂದ ಎಳೆ ಹೆಕ್ಕಿ ತೆಗೀತಿದ್ದ ಕೈ ಅದು. "ಕಾಲು ಬಂತಲ್ಲ, ಕೈ ಆಸೆ ಬಿಡಿ" ಅಂತಾರೆ ನೆಂಟರು. ನಿಜವಾ?

ತುಮಕೂರು, ಫಿಸಿಯೋಥೆರಪಿಸ್ಟ್:
ಅಕ್ಕ, ಕೈ ಹಿಂದೆ ಬೀಳೋದು ಸಾಮಾನ್ಯ. ನಡಿಗೆಯಲ್ಲಿ ಮಿದುಳುಕಾಂಡ, ಬೆನ್ನುಹುರಿಯ ಪಾಲೂ ದೊಡ್ಡದು. ಬೆರಳಿನದು ಬೇರೆ ಕಥೆ. ಮಂಗ, ಮನುಷ್ಯರಲ್ಲಿ ಮೋಟಾರ್ ಕಾರ್ಟೆಕ್ಸ್ (ಚಲನೆ ನಡೆಸೋ ಮಿದುಳಿನ ಮೇಲ್ಪದರ) ಅನ್ನೋ ಭಾಗದ ಕೆಲವು ನರಕೋಶಗಳ ಎಳೆ, ಕೈ ಸ್ನಾಯು ನಡೆಸೋ ಬೆನ್ನುಹುರಿಯ ನರಕೋಶವನ್ನ ನೇರವಾಗಿ ಹೋಗಿ ಮುಟ್ಟುತ್ತೆ. 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಅನ್ನೋ ಸಂಶೋಧಕರು ಮಂಗಗಳಲ್ಲಿ ಈ ಎಳೆಗಳು ಸಾಗೋ ದಾರಿಯನ್ನ, ಅಂದ್ರೆ ಪಿರಮಿಡ್ ನರಮಾರ್ಗವನ್ನ, ಎರಡೂ ಬದಿ ಕತ್ತರಿಸಿ ನೋಡಿದ್ರು. ಮಂಗಗಳು ಓಡಿದವು, ಹತ್ತಿದವು. ಒಂದೊಂದೇ ಬೆರಳು ಆಡಿಸೋದು ಮಾತ್ರ ತಿರುಗಿ ಬರಲಿಲ್ಲ.

ಆದ್ರೆ ಸ್ಟ್ರೋಕ್‌ನಲ್ಲಿ ಆ ದಾರಿ ಪೂರ್ತಿ ಹೋಗಿರಲೇಬೇಕು ಅಂತಿಲ್ಲ. ಮಿದುಳಲ್ಲೇ ಪಕ್ಕದಲ್ಲಿ ಚಲನೆಗೆ ತಯಾರಿ ಮಾಡೋ ಪ್ರೀಮೋಟಾರ್ ಭಾಗ, ಸಪ್ಲಿಮೆಂಟರಿ ಮೋಟಾರ್ ಏರಿಯಾ ಇವೆಯಲ್ಲ, ಅವು ಮೋಟಾರ್ ಕಾರ್ಟೆಕ್ಸ್ ಜೊತೆ ಮಾತಾಡ್ಕೊಂಡು ಸುಮ್ಮನಿರಲ್ಲ, ತಾವೂ ಬೆನ್ನುಹುರಿಗೆ ಎಳೆ ಕಳಿಸ್ತವೆ. 1996ರಲ್ಲಿ ನ್ಯೂಡೋ ಅನ್ನೋ ಸಂಶೋಧಕರ ತಂಡ, ಮಿದುಳಲ್ಲಿ ಕೈ ನಡೆಸೋ ಭಾಗಕ್ಕೆ ಸಣ್ಣ ಪೆಟ್ಟು ಬಿದ್ದ ಮಂಗಗಳಿಂದ ಪುಟ್ಟ ಗುಳಿಯೊಳಗಿನ ಆಹಾರ ಹೆಕ್ಕಿಸ್ತು. ಅಭ್ಯಾಸ ಮಾಡಿಸಿದವುಗಳಲ್ಲಿ, ಮಿದುಳಲ್ಲಿ ಪೆಟ್ಟಾಗದೆ ಉಳಿದಿದ್ದ ಕೈ ನಡೆಸೋ ಜಾಗ ಕುಗ್ಗಲಿಲ್ಲ. ನೆಂಟರ ಮಾತು ಬಿಡಿ, ಕೆಲಸ ಕೊಡಿ.

ಕೋಲಾರ:
ನಮ್ಮಪ್ಪಂಗೆ ಹಿಡಿಯೋದು ಬೇಗ ಬಂತು, ಬಿಡೋದೇ ಬರ್ತಿರಲಿಲ್ಲ! ಟೊಮೇಟೊ ಹಿಡಿದ್ರೆ ಜಜ್ಜೇ ಹೋಗೋದು. ಎಲ್ಲರೂ ಸ್ಪಂಜ್ ಚೆಂಡು ಹಿಸುಕ್ಸಿ ಅಂತಿದ್ರು. ಮುದುಡೋ ಕೈಗೆ ಅದು ಬೇಡ, ಬಿಡಿಸೋದು ಕಲಿಸಿ ಅಂದ್ರು ನಮ್ಮ ಫಿಸಿಯೋ. ಲೋಟ ಎತ್ತಿ ಆಚೆ ಇಟ್ಟು ಬೆರಳು ಬಿಚ್ಚೋದು, ಆಮೇಲೆ ಹುಣಸೆಬೀಜ. ಈಗ ತುತ್ತು ಕಲಸ್ತಾರೆ, ಶರ್ಟ್ ಗುಂಡಿ ಇನ್ನೂ ಆಗಲ್ಲ.

ಚಿಂತಾಮಣಿ:
ಚೆನ್ನಾಗಿರೋ ಕೈಗೆ ಗವಸು ಹಾಕಿ ಸೋತ ಕೈಯಲ್ಲೇ ಕೆಲಸ ಮಾಡಿಸೋದು ನಮ್ಮತ್ತೆಗೆ ಉಪಯೋಗ ಆಯ್ತು. ಮೊದಲ ವಾರ ಬೈದಿದ್ದೇ ಬೈದಿದ್ದು.

ತುಮಕೂರು, ಫಿಸಿಯೋಥೆರಪಿಸ್ಟ್:
ಅದು ಎಲ್ಲರಿಗೂ ಅಲ್ಲ. ಮಣಿಕಟ್ಟು, ಬೆರಳು ಸ್ವಲ್ಪವಾದ್ರೂ ಮೇಲೆ ಏಳಬೇಕು. ಓಡಾಡುವಾಗ ಬೀಳೋ ಭಯ ಇದ್ರೆ ಕೂತಾಗ ಮಾತ್ರ ಗವಸು.

ಶಿಡ್ಲಘಟ್ಟ:
ಮಣಿಕಟ್ಟು ಸ್ವಲ್ಪ ಏಳುತ್ತೆ. ಭುಜ ನೋವು ಅಂತಾರಲ್ಲ?

ತುಮಕೂರು, ಫಿಸಿಯೋಥೆರಪಿಸ್ಟ್:
ಹಾಸಿಗೆಯಿಂದ ಎಬ್ಬಿಸುವಾಗ ಆ ಕೈ ಹಿಡಿದು ಎಳೀಬೇಡಿ, ಬಂದವರಿಗೂ ಹೇಳಿ. ಕೂತಾಗ ಕೈ ಕೆಳಗೆ ದಿಂಬು ಇರ್ಲಿ. ಮೊದಲು ಭುಜ ತೋರಿಸಿ, ಗವಸಿನ ವಿಚಾರ ಆಮೇಲೆ ನೋಡೋಣ.