ಎಂಡಿಎಫ್‌ನಲ್ಲಿ ಅಕ್ಷರದ ಪಾಕೆಟ್: ರಾಸ್ಟರೋ ಆಫ್‌ಸೆಟ್ಟೋ?

ಬೋರ್ಡ್‌ಕೆಲಸ_ದಾವಣಗೆರೆ:
18 ಎಂಎಂ ಪ್ಲೇನ್ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಾಳೆ) ಅಂಗಡಿ ಬೋರ್ಡಿಗೆ ಸಿಎನ್‌ಸಿ ರೌಟರ್‌ನಲ್ಲಿ (ಕಂಪ್ಯೂಟರ್ ನಡೆಸೋ ಕೊರೆಯೋ ಮಷೀನ್) ಕನ್ನಡ ಅಕ್ಷರಗಳ ಪಾಕೆಟ್, ಅಂದ್ರೆ ತಗ್ಗು, ಹೊಡೀತಿದೀನಿ. ಆಳ 4 ಎಂಎಂ, ಅದರೊಳಗೆ 5 ಎಂಎಂ ಅಕ್ರಿಲಿಕ್ ಅಕ್ಷರ ಕೂರಬೇಕು. ಆಸ್ಪೈರ್ ಸಾಫ್ಟ್‌ವೇರ್‌ನಲ್ಲಿ ರಾಸ್ಟರ್ (ಬಿಟ್ ನೇರ ಗೆರೆಯಲ್ಲಿ ಹಿಂದೆ ಮುಂದೆ ಓಡೋದು), 6 ಎಂಎಂ ಎರಡು ಫ್ಲೂಟಿನ (ಹಲ್ಲಿನ) ಅಪ್‌ಕಟ್ ಬಿಟ್ (ಪುಡಿ ಮೇಲಕ್ಕೆ ಎತ್ತೋದು), 18,000 ಆರ್‌ಪಿಎಂ, ಫೀಡ್ (ಬಿಟ್ ಮುಂದೆ ಸಾಗೋ ವೇಗ) ನಿಮಿಷಕ್ಕೆ 1,500 ಎಂಎಂ, ಒಂದೇ ಪಾಸ್. ಮೇಲಂಚಲ್ಲಿ ನಾರು ಏಳುತ್ತೆ, ಗೋಡೆ ಹಲ್ಲುಹಲ್ಲಾಗುತ್ತೆ, ಮೂಲೆ ಕಪ್ಪಾಗುತ್ತೆ, ತಳದಲ್ಲಿ ಗೆರೆ. ಆಫ್‌ಸೆಟ್ (ಅಕ್ಷರದ ಅಂಚಿನ ಆಕಾರದಲ್ಲೇ ಸುತ್ತೋದು) ಹಾಕಿದ್ರೆ ಸರಿಹೋಗುತ್ತಾ?

ದುರ್ಗದ_ರೌಟರ್:
ಗೋಡೆ ಮಟ್ಟಿಗೆ ಹೌದು. ಕನ್ನಡ ಅಕ್ಷರದಲ್ಲಿ ನೇರ ಗೆರೆಗಿಂತ ಬಳುಕೇ ಜಾಸ್ತಿ. ರಾಸ್ಟರ್ ಆ ಬಳುಕಿಗೆ ಓರೆಯಾಗಿ ಬಂದು ನಿಂತು ತಿರುಗುತ್ತೆ, ಹಲ್ಲು ಬರೋದು ಅಲ್ಲೇ. ಅಗಲವಾದ ಚೌಕ ಪಾಕೆಟ್ ಆಗಿದ್ರೆ ರಾಸ್ಟರ್ರೇ ಸಾಕಿತ್ತು, ಕೊನೆಗೊಂದು ಪ್ರೊಫೈಲ್ ಪಾಸ್ (ಅಂಚಿನ ಗುಂಟ ಒಂದು ಸುತ್ತು) ಕೊಟ್ಟು. ನಿಮ್ಮ ಕೆಲಸಕ್ಕೆ ಆಫ್‌ಸೆಟ್, ಸ್ಟೆಪ್‌ಓವರ್ 40% (ಪ್ರತಿ ಸುತ್ತಿಗೆ ಬಿಟ್ ಅಗಲದ ಅಷ್ಟು ಸರಿಯೋದು), 2 ಎಂಎಂನ ಎರಡು ಪಾಸ್, ಬಿಟ್ ಇಳಿಯೋದು ಓರೆಯಾಗಿ, ಅಂದ್ರೆ ರ‍್ಯಾಂಪ್‌ನಲ್ಲಿ. ಗೋಡೆಗೆ 0.4 ಎಂಎಂ ಬಿಟ್ಟು, ಬೇರೆ ಪ್ರೊಫೈಲ್ ಟೂಲ್‌ಪಾತ್‌ನಲ್ಲಿ ಪೂರ್ತಿ 4 ಎಂಎಂ ಆಳಕ್ಕೆ ಒಂದೇ ಸುತ್ತು ತೆಗೀರಿ. ಆ ಸುತ್ತು ಕ್ಲೈಂಬ್ (ಹಲ್ಲು ದಪ್ಪ ಚೂರಿಂದ ಶುರುಮಾಡಿ ತೆಳುವಾಗಿ ಮುಗಿಸೋ ದಿಕ್ಕು) ಇರಲಿ. ಮಷೀನಲ್ಲಿ ಬ್ಯಾಕ್‌ಲ್ಯಾಷ್ (ಚಲನೆಯಲ್ಲಿ ಸಡಿಲ) ಇದ್ರೆ ಮಾತ್ರ ಕನ್ವೆನ್ಷನಲ್ (ಅದರ ಉಲ್ಟಾ ದಿಕ್ಕು), ಸಡಿಲ ಇದ್ದೂ ಕ್ಲೈಂಬ್ ಮಾಡಿದ್ರೆ ಬಿಟ್ ಎಳೆದಾಡುತ್ತೆ.

ಮೂಲೆ ಸುಡೋದಕ್ಕೆ ಫೀಡ್ ಕಾರಣ. 1,500 ಅನ್ನು ನಿಮಿಷದ 36,000 ಹಲ್ಲೇಟಿಗೆ (18,000 ಸುತ್ತು, ಸುತ್ತಿಗೆ 2 ಹಲ್ಲು) ಹಂಚಿದ್ರೆ ಏಟಿಗೆ 0.04 ಎಂಎಂ. ಮೂಲೆಯಲ್ಲಿ ಮಷೀನ್ ನಿಧಾನ ಆದಾಗ ಇನ್ನೂ ಕಮ್ಮಿ. ಬಿಟ್ ಕತ್ತರಿಸೋದು ಬಿಟ್ಟು ಉಜ್ಜುತ್ತೆ. ಏಟಿಗೆ 0.1 ಸಿಗಬೇಕು ಅಂದ್ರೆ 18,000 ಆರ್‌ಪಿಎಂಗೆ ಫೀಡ್ 3,600. ಮಷೀನ್ ಅಷ್ಟು ಓಡಲ್ಲ ಅಂದ್ರೆ 12,000ಕ್ಕೆ 2,400.

ಸ್ಪಿಂಡಲ್_ಹರಿಹರ:
ನಾರು ಏಳೋದು ಅಪ್‌ಕಟ್ಟಿಂದ, ಅದು ಅಂಚನ್ನ ಮೇಲಕ್ಕೆ ಎತ್ತುತ್ತೆ. ಡೌನ್‌ಕಟ್ (ಕೆಳಕ್ಕೆ ಒತ್ತೋ ಬಿಟ್) ಹಾಕಿ ಅಣ್ಣಾ. ಕಂಪ್ರೆಷನ್ ಬಿಟ್ (ತುದಿ ಅಪ್‌ಕಟ್, ಮೇಲ್ಭಾಗ ಡೌನ್‌ಕಟ್) ಬೇಡ: ಅದರ ತುದಿಯ ಅಪ್‌ಕಟ್ ಭಾಗ ಹಾಳೆಯೊಳಗೆ ಪೂರ್ತಿ ಮುಳುಗಬೇಕು, 2 ಎಂಎಂ ಪಾಸಲ್ಲಿ ಅದಾಗಲ್ಲ.

ಬೋರ್ಡ್‌ಕೆಲಸ_ದಾವಣಗೆರೆ:
ಡೌನ್‌ಕಟ್‌ಗೆ ಪುಡಿ ಒಳಗೇ ಸಿಕ್ಕಿಕೊಳ್ಳಲ್ವಾ ಸರ್?

ಸ್ಪಿಂಡಲ್_ಹರಿಹರ:
ಸಿಕ್ಕಿಕೊಳ್ಳುತ್ತೆ, ಬಿಸಿಯೂ ಆಗುತ್ತೆ. ಡಸ್ಟ್ ಕಲೆಕ್ಟರ್ ಬಾಯಿ ಹಾಳೆಗೆ ಹತ್ತಿರ ಇರಲಿ. ಫಿನಿಶ್ ಸುತ್ತಿಗೆ ಮೊದಲು ಮಷೀನ್ ನಿಲ್ಲಿಸಿ ವ್ಯಾಕ್ಯೂಮ್‌ನಲ್ಲಿ ಪಾಕೆಟ್ ಖಾಲಿ ಮಾಡಿ. ಪುಡಿ ಉಳಿದ್ರೆ ಗೋಡೆಗೆ ಗೀರು ಬೀಳುತ್ತೆ. ಆ ಪುಡಿ ತುಂಬಾ ಸಣ್ಣದು, ಎನ್95 ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ.

ತಳದ ಗೆರೆ ಅಕ್ರಿಲಿಕ್ ಕೆಳಗೆ ಮುಚ್ಚಿಹೋಗುತ್ತೆ. ಆದ್ರೂ ಉಗುರಾಡಿಸಿ ನೋಡಿ. ಪ್ರತಿ ಗೆರೆಯಲ್ಲೂ ಒಂದೇ ಕಡೆ ಮೆಟ್ಟಿಲು ತಾಗಿದ್ರೆ ಸ್ಪಿಂಡಲ್ (ಬಿಟ್ ತಿರುಗಿಸೋ ಮೋಟರು) ವಾಲಿದೆ, ಟ್ರ್ಯಾಮ್ ಮಾಡಿಸಿ (ಬೆಡ್ಡಿಗೆ ನೆಟ್ಟಗೆ ಕೂರಿಸೋದು). ಬರೀ ಜುಂಗು ಇದ್ರೆ ಅದು ಹಾಳೆಯ ಗುಣ: ಮೇಲ್ಪದರ ಗಟ್ಟಿ, ನಡುಭಾಗ ಸಡಿಲ.

ದುರ್ಗದ_ರೌಟರ್:
ಒತ್ತಕ್ಷರದ ಸಂದಿಗೆ 6 ಎಂಎಂ ಬಿಟ್ ಹೋಗಲ್ಲ. ಟೂಲ್ ಲಿಸ್ಟಿಗೆ 3 ಎಂಎಂ ಬಿಟ್ಟನ್ನೂ ಸೇರಿಸಿ, ಉಳಿದಷ್ಟನ್ನು ಮಾತ್ರ ಅದು ತೆಗೆಯುತ್ತೆ. ಆಗಲೂ ಒಳಮೂಲೆಯಲ್ಲಿ 1.5 ಎಂಎಂ ರೇಡಿಯಸ್ ಉಳಿಯುತ್ತೆ. ಅಕ್ರಿಲಿಕ್ ಅಕ್ಷರದ ಚೂಪು ಮೂಲೆಗಳನ್ನ ಫೈಲಲ್ಲೇ 2 ಎಂಎಂಗೆ ದುಂಡು ಮಾಡಿ, ಸುತ್ತಲೂ 0.1 ಎಂಎಂ ಸಡಿಲ ಬಿಡಿ. ಝಡ್ ಝೀರೋ (ಆಳ ಅಳೆಯೋಕೆ ಶುರುಮಾಡೋ ಸೊನ್ನೆ) ಹಾಳೆಯ ಮೇಲ್ಮೈಗೆ ತಗೊಳ್ಳಿ. ಬೆಡ್ಡಿಗೆ ತಗೊಂಡ್ರೆ ಹಾಳೆಯ ದಪ್ಪದಲ್ಲಿರೋ ವ್ಯತ್ಯಾಸ ಅಷ್ಟೂ ಪಾಕೆಟ್ ಆಳಕ್ಕೆ ಬರುತ್ತೆ.