ಡೀಪ್ ಸ್ಲೀಪ್‌ನಲ್ಲೂ 8 ಮಿಲಿಆಂಪ್! ಎಲ್ಲಿ ಸೋರ್ತಿದೆ?

ಪ್ರಶ್ನೆ:
ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಮಣ್ಣಿನ ತೇವ ತಿಳಿಯೋಕೆ ಸಿಲ್ವರ್ ಓಕ್ ಮರಕ್ಕೆ ಡಬ್ಬ ಕಟ್ಟಿದ್ದೀನಿ. ಒಳಗೆ ಇಎಸ್‌ಪಿ32 ಡೆವ್ ಬೋರ್ಡ್ (ವೈಫೈ ಇರೋ ಪುಟ್ಟ ಕಂಪ್ಯೂಟರ್ ಚಿಪ್ ಕೂರಿಸಿದ ಬೋರ್ಡ್), ಎಸ್‌ಎಕ್ಸ್1276 ಲೋರಾ (ದೂರಕ್ಕೆ ಮಾಹಿತಿ ಕಳಿಸೋ ರೇಡಿಯೋ), 2500 ಎಂಎಎಚ್‌ನ ಒಂದು 18650 ಲಿಥಿಯಂ ಸೆಲ್. ಅರ್ಧ ಗಂಟೆಗೊಮ್ಮೆ ಎದ್ದು ಮಾಹಿತಿ ಕಳಿಸಿ ಮಲಗುತ್ತೆ (ಅದೇ ಡೀಪ್ ಸ್ಲೀಪ್). ಚಿಪ್‌ಗೆ ಮಲಗಿದಾಗ 10 ಮೈಕ್ರೋಆಂಪ್ ಸಾಕಂತೆ, ನನ್ನ ಮೀಟರ್ 8 ಮಿಲಿಆಂಪ್ ತೋರಿಸ್ತಿದೆ. ಹನ್ನೆರಡನೇ ದಿನಕ್ಕೆ ಸೆಲ್ ಖಾಲಿ. ಹೂಮಳೆ ಸಮಯ ಹೇಗೋ ಕಳೀತು, ಆದರೆ ಆಟಿ ತಿಂಗಳ ಜಡಿಮಳೇಲಿ ಜಿಗಣೆ ಕಿತ್ತುಕೊಳ್ಳುತ್ತಾ ಅಷ್ಟು ದೂರ ಇಳಿಯೋದು ಆಗಲ್ಲ. ದಯವಿಟ್ಟು ದಾರಿ ಹೇಳಿ.

ಉತ್ತರ 1:
ಅಣ್ಣ, ಚಿಪ್ ಮಲಗಿದೆ, ಬೋರ್ಡ್ ಮಲಗಿಲ್ಲ. ಬೋರ್ಡ್ ಮೇಲೆ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿ ಕೊಡೋ ಭಾಗ) ಇದ್ದರೆ ಅದೊಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತೆ. ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ ಬೇರೆ. ಡೆವ್ ಬೋರ್ಡ್ ಬಿಡಿ, ಬರೀ ಇಎಸ್‌ಪಿ32 ಮಾಡ್ಯೂಲ್ ತಗೊಂಡು ಎಂಸಿಪಿ1700 ರೆಗ್ಯುಲೇಟರ್ ಹಾಕಿ. ಅದರ ಸ್ವಂತ ಖರ್ಚು 2 ಮೈಕ್ರೋಆಂಪ್ ಆಸುಪಾಸು. ಆದರೆ ಅದು ಕೊಡೋದು 250 ಮಿಲಿಆಂಪ್ ಮಾತ್ರ. ಲೋರಾಗೆ ಧಾರಾಳ, ವೈಫೈ ಆನ್ ಮಾಡಿದರೆ ರೀಸೆಟ್ ಆಗಬಹುದು.

ಉತ್ತರ 2:
ಇಎಸ್‌ಪಿ ಮಲಗೋ ಮುಂಚೆ ಲೋರಾಗೂ ಸ್ಲೀಪ್ ಕಮಾಂಡ್ ಕೊಡ್ತಿದ್ದೀರಾ? ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ 1.6 ಮಿಲಿಆಂಪ್, ಸ್ಲೀಪ್‌ನಲ್ಲಿ 0.2 ಮೈಕ್ರೋಆಂಪ್.

ಪ್ರಶ್ನೆ ಕೇಳಿದವರು:
ಕೊಟ್ಟಿರಲಿಲ್ಲ! ನಿನ್ನೆ ರಾತ್ರಿ ಎರಡನ್ನೂ ಮಾಡಿದೆ. ಈಗ 215 ಮೈಕ್ರೋಆಂಪ್. ಸೆಲ್‌ನ ವೋಲ್ಟೇಜ್ ಓದೋಕೆ ನಾನೇ ಹಾಕಿದ್ದ ಎರಡು 10 ಕಿಲೋಓಮ್ ರೆಸಿಸ್ಟರ್‌ಗಳು 4 ವೋಲ್ಟ್‌ಗೆ 200 ಮೈಕ್ರೋಆಂಪ್ ಎಳೀತಿವೆ, ಈಗ ಲೆಕ್ಕ ಹಾಕಿದೆ. ನಾಳೆ ಮಡಿಕೇರಿಗೆ ಹೋದಾಗ ಅವುಗಳ ಬದಲು 1 ಮೆಗಾಓಮ್‌ದು ತರ್ತೀನಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.